ಮಾವನ ಮಗ್ಗಿ ಕ್ಯಾಸೆಟ್ಟು

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ನನ್ನ ಸೋದರಮಾವನ ಊರು, ಚಿಂತಾಮಣಿ ಹತ್ತಿರ, ಅಂಬಾಜಿದುರ್ಗದ ಬುಡದಲ್ಲಿ. ಬಾಗಿಲಲ್ಲಿ ನಿಂತರೆ ಬೆಟ್ಟ ಕಾಣುತ್ತೆ, ಅದರ ಜೊತೆಗಾರ ರಹಮಾನ್‌ಗಡವೂ ಕಾಣುತ್ತೆ. ಮಾವ ಈಗಿಲ್ಲ. ಅತ್ತೆ ಮನೆಗೆ ಸುಣ್ಣ ಹೊಡೆಸಬೇಕು ಅಂತ ಅಟ್ಟ ಖಾಲಿ ಮಾಡಿಸ್ತಾ ಇದ್ದರು. ಹಳೇ ಟ್ರಂಕೊಂದನ್ನು ಇಳಿಸಿ ನನ್ನ ಮುಂದೆ ಇಟ್ಟು, "ನೋಡಪ್ಪಾ, ನಿಮ್ಮ ಮಾವನ ಮಷೀನು. ಗುಜರಿಯವನು ನೂರು ರೂಪಾಯಿ ಕೊಡ್ತೀನಿ ಅಂತಾನೆ. ನಿಂಗೇನಾದ್ರೂ ಬೇಕಾ?" ಅಂದರು.

ತೆಗೆದು ನೋಡಿದೆ. ಕಪ್ಪು ಬಣ್ಣದ, ಬರೀ ಕೀಬೋರ್ಡಿನಷ್ಟೇ ಇರುವ ಒಂದು ಕಂಪ್ಯೂಟರು. ಮೇಲಿನ ಹೆಸರಿನ ಚೀಟಿ ಕಿತ್ತುಹೋಗಿದೆ. ಆದರೆ ಒಂದೊಂದು ಗುಂಡಿಯ ಮೇಲೂ ನಾಲ್ಕು ನಾಲ್ಕು ಪದ ತುಂಬಿರೋದು ನೋಡಿದ ಕೂಡಲೇ ಗೊತ್ತಾಯ್ತು, ಇದು ಸ್ಪೆಕ್ಟ್ರಮ್ ವಂಶದ್ದು. ಅದರ ಕೆಳಗೆ ಹಳೇ ಪಂಚೆಯೊಂದರಲ್ಲಿ ಸುತ್ತಿದ್ದ ಏಳು ಕ್ಯಾಸೆಟ್ಟು. ಆರರಲ್ಲಿ ಆಟಗಳ ಹೆಸರಿತ್ತು. ಏಳನೆಯದರ ಮೇಲೆ ಮಾವನ ದುಂಡು ಅಕ್ಷರದಲ್ಲಿ ಒಂದೇ ಪದ: "ಮಗ್ಗಿ".

ಗುಜರಿಯವನಿಗೆ ಕೊಡೋದು ಬೇಡ ಅಂದೆ. ಅಲ್ಲಿಂದ ಶುರುವಾಯ್ತು ನೋಡಿ ನನ್ನ ಪಾಡು :-)

ಮೊದಲು ಸ್ವಲ್ಪ ಹಿಂದಿನ ಕಥೆ ಹೇಳ್ತೀನಿ. ಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. 1984ರಲ್ಲಿ ಕೇಂದ್ರ ಸರ್ಕಾರ "ಕ್ಲಾಸ್" ಅನ್ನೋ ಯೋಜನೆ ಶುರು ಮಾಡಿತು. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಪರಿಚಯ ಮಾಡಿಸೋದು ಅದರ ಉದ್ದೇಶ. ಮೊದಲ ಹಂತದಲ್ಲಿ ದೇಶದಾದ್ಯಂತ ಸುಮಾರು 250 ಶಾಲೆಗಳು. ಅದಕ್ಕೆ ಆರಿಸಿದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ. ಅಲ್ಲಿನ ಬಿಬಿಸಿ ಟಿವಿಯ ಕಂಪ್ಯೂಟರ್ ಪಾಠಗಳಿಗಾಗಿ 1981ರಲ್ಲಿ ಬಂದ ಯಂತ್ರ ಅದು. ಆಮೇಲೆ ಪಂಜಾಬಿನ ಮೊಹಾಲಿಯಲ್ಲಿದ್ದ ಸರ್ಕಾರಿ ಸಂಸ್ಥೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್, ಏಕಾರ್ನ್ ಜೊತೆ ಒಪ್ಪಂದ ಮಾಡಿಕೊಂಡು ಇಲ್ಲೇ ಅದನ್ನು ಜೋಡಿಸೋಕೆ ತೊಡಗಿತು. ಮಾವನ ಶಾಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಯಾವುದೋ ತರಬೇತಿಗೆ ಹೋದಾಗ ಒಂದು ಮಧ್ಯಾಹ್ನ ಅದರ ಮುಂದೆ ಕೂತು ಬಂದರಂತೆ. ಊಟಕ್ಕೂ ಏಳಲಿಲ್ಲ ಅಂತ ಅವರ ಸ್ನೇಹಿತರು ಇವತ್ತಿಗೂ ಹೇಳಿ ನಗ್ತಾರೆ.

ಬಿಬಿಸಿ ಮೈಕ್ರೋ ಮೇಷ್ಟ್ರ ಕೈಗೆ ಎಟುಕೋ ಬೆಲೆಯದಲ್ಲ. ಬಡವರ ಕಂಪ್ಯೂಟರು ಅಂತ ಇದ್ದದ್ದು ಸ್ಪೆಕ್ಟ್ರಮ್. ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಅದನ್ನು 1982ರ ಏಪ್ರಿಲಿನಲ್ಲಿ ಬಿಡುಗಡೆ ಮಾಡಿತ್ತು. ಆಗ ಅಲ್ಲಿ 16 ಕೆಬಿಯದಕ್ಕೆ 125 ಪೌಂಡು, 48 ಕೆಬಿಯದಕ್ಕೆ 175 ಪೌಂಡು. ನಮ್ಮಲ್ಲೂ 80ರ ದಶಕದ ಎರಡನೇ ಭಾಗದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಅನ್ನೋ ಕಂಪನಿ ಪರವಾನಗಿ ಪಡೆದು "ಡಿಬಿ ಸ್ಪೆಕ್ಟ್ರಮ್ ಪ್ಲಸ್" ಅಂತ ಮಾರಿತು. ಮಾವ ತಂದದ್ದು 1989ರಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ, ಸೆಕೆಂಡ್ ಹ್ಯಾಂಡ್. ಅತ್ತೆಗೆ ಸೀರೆ ತರ್ತೀನಿ ಅಂತ ಹೋದವರು ಇದನ್ನು ಹೊತ್ತುಕೊಂಡು ಬಂದರಂತೆ. ಆ ಮಾತನ್ನ ಅತ್ತೆ ಇನ್ನೂ ಮರೆತಿಲ್ಲ.

ಈ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಇಲ್ಲ, ಫ್ಲಾಪಿ ಇಲ್ಲ, ತನ್ನದೇ ಪರದೆಯೂ ಇಲ್ಲ. ಪರದೆಗೆ ಮನೆಯ ಟಿವಿ, ಪ್ರೋಗ್ರಾಂ ಇಟ್ಟುಕೊಳ್ಳೋಕೆ ಹಾಡು ಕೇಳುವ ಟೇಪ್ ರೆಕಾರ್ಡರು. ಕರೆಂಟ್ ಹೋದರೆ ತಲೆ ಖಾಲಿ. ಮತ್ತೆ ಕ್ಯಾಸೆಟ್ ಹಾಕಿ ಲೋಡ್ ಮಾಡಬೇಕು. ಆಗ ಟೇಪಿನಿಂದ ಬರೋ ಕಿರ್ರ್ರ್ ಅನ್ನೋ ಸದ್ದು ಕೇಳಿದವರಿಗೇ ಗೊತ್ತು.

ಆ ಸದ್ದಿನಲ್ಲೇ ಇರೋದು ಎಲ್ಲಾ. ಮೊದಲು ಐದು ಸೆಕೆಂಡು ಒಂದೇ ಸಮ 807 ಹರ್ಟ್ಸ್‌ನ ಶ್ರುತಿ. ಹಾಡುಗಾರ ಹಾಡೋ ಮುಂಚೆ ತಂಬೂರಿ ಮೀಟಿದ ಹಾಗೆ. ಆಮೇಲೆ ಬಿಟ್‌ಗಳು. ಸೊನ್ನೆ ಅಂದರೆ ಗಿಡ್ಡ ಅಲೆ, ಸುಮಾರು ಅರ್ಧ ಮಿಲಿಸೆಕೆಂಡು. ಒಂದು ಅಂದರೆ ಅದರ ಎರಡರಷ್ಟು ಉದ್ದದ ಅಲೆ. ಅಷ್ಟೇ! ಶ್ರುತಿ ಬರುವಾಗ ಟಿವಿ ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆ, ಮಾಹಿತಿ ಬರುವಾಗ ನೀಲಿ ಮತ್ತು ಹಳದಿ ಪಟ್ಟೆ ಓಡ್ತವೆ. 48 ಕೆಬಿ ಪೂರ್ತಿ ತುಂಬೋಕೆ ಐದು ನಿಮಿಷ ಹತ್ತಿರ ಬೇಕು. ಪ್ರತಿ ತುಂಡಿನ ಕೊನೆಗೆ ಲೆಕ್ಕ ತಾಳೆ ನೋಡೋಕೆ ಒಂದು ಬೈಟು. ನಡುವೆ ಒಂದೇ ಒಂದು ಬಿಟ್ ತಪ್ಪಿದರೂ ತಾಳೆಯಾಗಲ್ಲ, "ಟೇಪ್ ಲೋಡಿಂಗ್ ಎರರ್" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ ಕೂತುಬಿಡುತ್ತೆ.

ಸರಿ, ಇದನ್ನು ಲ್ಯಾಪ್‌ಟಾಪಿಗೆ ಜೋಡಿಸೋದು ಹೇಗೆ? ನಂದು ದೊಡ್ಡ ಧೈರ್ಯ. ಎರಡೂ ಕಡೆ ಮೂರೂವರೆ ಮಿಲಿಮೀಟರ್ ಪಿನ್ ಇರೋ ಕೇಬಲ್ ತಂದೆ. ಒಂದು ತುದಿ ಟೇಪ್ ರೆಕಾರ್ಡರಿನ ಇಯರ್‌ಫೋನ್ ಕಿಂಡಿಗೆ, ಇನ್ನೊಂದು ಲ್ಯಾಪ್‌ಟಾಪಿನ ಹೆಡ್‌ಫೋನ್ ಕಿಂಡಿಗೆ. ಟೇಪ್ ಓಡಿಸಿದೆ, ರೆಕಾರ್ಡ್ ಒತ್ತಿದೆ, ಪರದೆ ಮೇಲೆ ಅಲೆಗಳು ಕುಣಿದವು. ಗೆದ್ದೆ ಅಂತ ಹಿಗ್ಗಿದೆ. ಆಮೇಲೆ ಹಾಕಿ ಕೇಳಿದರೆ... ಅತ್ತೆಯ ಕುಕ್ಕರಿನ ಮೂರು ಸೀಟಿ, ಒಂದು ಹುಂಜ, ಮತ್ತೆ ನಾನು "ಬಂತು ಬಂತು" ಅಂತ ಕೂಗಿದ್ದು!

ಆಗಿದ್ದು ಇಷ್ಟು. ಹೆಡ್‌ಫೋನ್ ಕಿಂಡಿ ಸದ್ದನ್ನು ಹೊರಗೆ ಕಳಿಸೋದಕ್ಕೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದೇ ಕಿಂಡಿಯಲ್ಲಿ ಮೈಕೂ ಇರುತ್ತೆ, ಆದರೆ ಅದಕ್ಕೆ ನಾಲ್ಕು ಪಟ್ಟಿಯ ಪಿನ್ ಬೇಕು. ತುದಿ ಎಡಗಿವಿಗೆ, ಎರಡನೇದು ಬಲಗಿವಿಗೆ, ಮೂರನೇದು ನೆಲ, ಕೊನೇದು ಮೈಕಿಗೆ. ನನ್ನ ಮೂರು ಪಟ್ಟಿಯ ಪಿನ್ನಿನಲ್ಲಿ ಮೈಕಿನ ದಾರಿಯೇ ಇರಲಿಲ್ಲ. ಹಾಗಾಗಿ ಲ್ಯಾಪ್‌ಟಾಪು ತನ್ನ ಹೊಟ್ಟೆಯೊಳಗಿನ ಮೈಕಿನಿಂದ ಅಡುಗೆಮನೆಯನ್ನ ರೆಕಾರ್ಡ್ ಮಾಡಿತ್ತು. ತಪ್ಪು ಕೇಬಲ್ಲಿನದಲ್ಲ, ನಂದೇ.

ಆಮೇಲೆ ಒಂದು ಪುಟ್ಟ ಯುಎಸ್‌ಬಿ ಸೌಂಡ್ ಕಾರ್ಡ್ ತಂದೆ. ಮೈಕಿಗೆ ಬೇರೆ ಕಿಂಡಿ, ಹೆಡ್‌ಫೋನಿಗೆ ಬೇರೆ ಕಿಂಡಿ. ಯಾರಾದರೂ ಈ ಕೆಲಸಕ್ಕೆ ಕೈ ಹಾಕೋದಾದರೆ ನಾನು ಪೆಟ್ಟು ತಿಂದು ಕಲಿತಿದ್ದು ಇಲ್ಲಿದೆ. ರೆಕಾರ್ಡ್ ಮಾಡುವಾಗ ಗದ್ದಲ ಕಡಿಮೆ ಮಾಡೋ ಸೌಲಭ್ಯ, ತಾನಾಗೇ ದನಿ ಏರಿಳಿಸೋ ಸೌಲಭ್ಯ ಎರಡನ್ನೂ ಆಫ್ ಮಾಡಿ. ಇವತ್ತಿನ ಯಂತ್ರಗಳಿಗೆ ಮನುಷ್ಯನ ಮಾತು ಬಿಟ್ಟು ಬೇರೆಲ್ಲಾ ಗದ್ದಲವೇ. ನಮ್ಮ ಕಿರ್ರ್ರ್ ಅನ್ನೋದನ್ನ ಗುಡಿಸಿ ಹಾಕ್ತವೆ. ಎಂಪಿ3 ಬೇಡ, ವೇವ್ ಕಡತವಾಗಿಯೇ ಇಡಿ. ಸೆಕೆಂಡಿಗೆ 44,100 ಸಲ ಅಳೆದರೆ ಒಂದು ಸೊನ್ನೆಗೆ 21 ಅಳತೆ, ಒಂದಕ್ಕೆ 43 ಅಳತೆ ಸಿಗುತ್ತೆ, ಎರಡನ್ನೂ ಬೇರೆ ಮಾಡೋಕೆ ಧಾರಾಳ. ಎಲ್ಲಕ್ಕಿಂತ ಮುಖ್ಯ ಕರೆಂಟಿನ ವಿಷಯ. ಸ್ಪೆಕ್ಟ್ರಮ್‌ಗೆ ಬೇಕಾದ್ದು 9 ವೋಲ್ಟಿನ ಅಡಾಪ್ಟರು, ಆದರೆ ಅದರ ಪಿನ್ನಿನ ನಡುವಿನ ತೂತು ಮೈನಸ್. ಈಗ ಅಂಗಡೀಲಿ ಸಿಗೋ ಹೆಚ್ಚಿನವುಗಳಲ್ಲಿ ನಡುವಿನದು ಪ್ಲಸ್. ಸರಿಯಾಗಿ ಕೂರುತ್ತೆ ಅಂತ ಚುಚ್ಚಿದರೆ ಯಂತ್ರ ಸತ್ತೇ ಹೋಗಬಹುದು. ಮೀಟರ್ ಹಿಡಿದು ನೋಡದೆ ಚುಚ್ಚಬೇಡಿ.

ಪರದೆಯದು ಇನ್ನೊಂದು ತಮಾಷೆ. ಲ್ಯಾಪ್‌ಟಾಪಿನಲ್ಲಿ ಹೆಚ್‌ಡಿಎಂಐ ಕಿಂಡಿ ಇದೆಯಲ್ಲ, ಅದಕ್ಕೇ ಜೋಡಿಸೋಣ ಅಂತ ಹೊರಟಿದ್ದೆ. ಅದೂ ಹೊರಕ್ಕೆ ಕಳಿಸೋ ಕಿಂಡಿಯೇ, ಒಳಕ್ಕೆ ಏನನ್ನೂ ತಗೊಳ್ಳಲ್ಲ. ಟಿವಿಗೆ ಹೋಗೋ ಚಿತ್ರವನ್ನು ಲ್ಯಾಪ್‌ಟಾಪಿನೊಳಗೆ ತರೋಕೆ ಯುಎಸ್‌ಬಿ ವಿಡಿಯೋ ಕ್ಯಾಪ್ಚರ್ ಅನ್ನೋ ಕಡ್ಡಿ ಬೇಕು. ಸ್ಪೆಕ್ಟ್ರಮ್ ಕೊಡೋದು ಟಿವಿ ಆಂಟೆನಾಗೆ ಬರೋ ತರಹದ ಸಿಗ್ನಲ್ಲು. ಅದರೊಳಗಿನ ಪುಟ್ಟ ತಗಡಿನ ಡಬ್ಬಿಯನ್ನ ಬಳಸಿಕೊಂಡು ಸಾದಾ ವಿಡಿಯೋ ಸಿಗ್ನಲ್ ತೆಗೆಯೋ ಹಾಗೆ ಪರಿಚಯದ ಟಿವಿ ರಿಪೇರಿಯವರೊಬ್ಬರು ಒಂದು ತಂತಿ ಬೆಸುಗೆ ಹಾಕಿಕೊಟ್ಟರು. ಹತ್ತು ನಿಮಿಷದ ಕೆಲಸ. ದುಡ್ಡು ತಗೊಳ್ಳಲಿಲ್ಲ, "ಇಂಥದ್ದು ಕೈಯಲ್ಲಿ ಹಿಡಿದು ಎಷ್ಟು ವರ್ಷ ಆಯ್ತು ಸಾರ್" ಅಂದರು.

ನಿಮ್ಮ ಶಾಲೆಯ ಬೀರುವಿನಲ್ಲಿ ಹಳೇ ಬಿಬಿಸಿ ಮೈಕ್ರೋ ಇದ್ದರೆ ದಾರಿ ಬೇರೆ, ಇನ್ನೂ ಸಲೀಸು. ಅದರ ಹಿಂದೆ ಆರ್‌ಎಸ್423 ಅನ್ನೋ ಐದು ಕಡ್ಡಿಯ ದುಂಡು ಕಿಂಡಿ ಇರುತ್ತೆ. ಅದು ಪಿಸಿಗಳ ಹಳೇ ಸೀರಿಯಲ್ ಪೋರ್ಟಿನ ಜೊತೆ ಮಾತಾಡಬಲ್ಲದು. ಆ ಪೋರ್ಟ್ ಈಗಿನ ಲ್ಯಾಪ್‌ಟಾಪಿನಲ್ಲಿ ಇಲ್ಲ, ಅದಕ್ಕೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಹಾಕಬೇಕು. ಎಫ್‌ಎಕ್ಸ್ 7 ಮತ್ತು ಎಫ್‌ಎಕ್ಸ್ 8 ಅನ್ನೋ ಎರಡು ಆಜ್ಞೆಗಳಿಗೆ 7 ಅನ್ನೋ ಸಂಖ್ಯೆ ಕೊಟ್ಟರೆ ಬರೋ ವೇಗ ಹೋಗೋ ವೇಗ ಎರಡೂ 9600 ಆಗುತ್ತೆ. ಒಂದೇ ಎಚ್ಚರ, ಆ ಐದು ಕಡ್ಡಿಯ ಪ್ಲಗ್ಗು ತಲೆಕೆಳಗಾಗಿಯೂ ಕೂರುತ್ತೆ. ಕೂತಿತು ಅಂದ ಮಾತ್ರಕ್ಕೆ ಸರಿ ಅಂತಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಹಳೇ ವಿಷಯ ನೆನಪಾಗುತ್ತೆ. ನಮ್ಮ ರೈಲು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಹಾದು ಯಲಹಂಕಕ್ಕೆ ಹೋಗ್ತಿದ್ದ ನಮ್ಮ ಪುಟ್ಟ ರೈಲಿನ ಹಳಿ ಬರೀ ಎರಡೂವರೆ ಅಡಿ ಅಗಲ. ಬಂಗಾರಪೇಟೆಯಲ್ಲಿ ಸಿಗೋ ಮದ್ರಾಸ್ ಲೈನು ಐದೂವರೆ ಅಡಿ. ಒಂದರ ಡಬ್ಬಿ ಇನ್ನೊಂದರ ಮೇಲೆ ಓಡೋ ಹಾಗಿಲ್ಲ. ಮೂಟೆಗಳನ್ನು ಅಲ್ಲಿ ಇಳಿಸಿ ಇಲ್ಲಿ ಏರಿಸಬೇಕು. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೂ ದೊಡ್ಡ ಹಳಿ ಬಂದು ಮುಗಿದದ್ದು 2013ರಲ್ಲಿ. ನಾನು ತಂದ ಕೇಬಲ್ಲು, ಸೌಂಡ್ ಕಾರ್ಡು, ಕ್ಯಾಪ್ಚರ್ ಕಡ್ಡಿ ಎಲ್ಲವೂ ಬಂಗಾರಪೇಟೆ ಪ್ಲಾಟ್‌ಫಾರಮ್ಮಿನ ಹಮಾಲಿಗಳು. ಮೂಟೆ ಎತ್ತಿ ಆಚೆ ಇಡ್ತಾರೆ. ಮೂಟೆಯೊಳಗೆ ರಾಗಿ ಇದೆಯೋ ಕಡಲೆಕಾಯಿ ಇದೆಯೋ ಅಂತ ಹೇಳೋದು ಮೂಟೆಗೆ ಕಟ್ಟಿದ ಚೀಟಿ.

ನನ್ನ ಕಥೆಯಲ್ಲಿ ಆ ಚೀಟಿಯದೇ ದೊಡ್ಡ ಪಾತ್ರ. ಕೇಳಿ.

ಎಲ್ಲಾ ಜೋಡಿಸಿ "ಮಗ್ಗಿ" ಕ್ಯಾಸೆಟ್ ಹಾಕಿದೆ. ಈ ಸಲ ಕುಕ್ಕರ್ ಬರಲಿಲ್ಲ, ಕಿರ್ರ್ರ್ ಬಂತು. ಲ್ಯಾಪ್‌ಟಾಪಿನಲ್ಲಿ ಫ್ಯೂಸ್ ಅನ್ನೋ ಮುಕ್ತ ತಂತ್ರಾಂಶ ಇದೆ, ಸ್ಪೆಕ್ಟ್ರಮ್‌ನ ಅನುಕರಣೆ ಮಾಡುತ್ತೆ. ಅದರ ಜೊತೆಗೆ ಸಿಗೋ ಆಡಿಯೋ2ಟೇಪ್ ಅನ್ನೋ ಸಲಕರಣೆ ಸದ್ದನ್ನ ಓದಿ ಬೈಟು ಮಾಡಿಕೊಡುತ್ತೆ. ಮೊದಲ ತುಂಡು, ಬೇಸಿಕ್ ಭಾಷೆಯ ಪ್ರೋಗ್ರಾಂ, ಪೂರ್ತಿ ಸಿಕ್ಕಿತು. ಎರಡನೆಯದಕ್ಕೆ ಬರೀ ತಲೆ ಸಿಕ್ಕಿತು, ಮೈ ಇಲ್ಲ. ಆ ಜಾಗದಲ್ಲಿ ಟೇಪು ಮಡಚಿಹೋಗಿ ಬಿಳಿ ಗೆರೆ ಬಿದ್ದಿತ್ತು. ಟೇಪ್ ರೆಕಾರ್ಡರಿನ ತಲೆಯ ಪುಟ್ಟ ತಿರುಪನ್ನ ಅತ್ತ ಇತ್ತ ತಿರುಗಿಸಿ ಸದ್ದು ಚೂಪಾಗಿಸಿ ನೋಡಿದೆ. ಆರು ಸಲ ಓಡಿಸಿದೆ. ಏಳನೇ ಸಲಕ್ಕೆ ಭಯ ಆಯ್ತು, ಇನ್ನಷ್ಟು ಓಡಿಸಿದರೆ ಇರೋದೂ ಉದುರಿಹೋದೀತು ಅಂತ. ನಿಲ್ಲಿಸಿದೆ.

ಸಿಕ್ಕಿದ ಪ್ರೋಗ್ರಾಮನ್ನಷ್ಟೇ ನಡೆಸಿದೆ. ಪರದೆ ತುಂಬಾ ಅರ್ಥವಿಲ್ಲದ ದೊಡ್ಡ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಖಾಲಿ ಜಾಗ. ಒಂದು ಪದವೂ ಓದೋ ಹಾಗಿಲ್ಲ.

ಹೋಯ್ತು ಅಂತ ಬೇಜಾರಾಗಿ ಕೂತಿದ್ದಾಗ ಪ್ರೋಗ್ರಾಮಿನ ಸಾಲುಗಳನ್ನು ನಿಧಾನವಾಗಿ ಓದಿದೆ. ಆಗ ಹೊಳೀತು ಮಾವ ಮಾಡಿದ್ದೇನು ಅಂತ. ಸ್ಪೆಕ್ಟ್ರಮ್‌ನಲ್ಲಿ ಕನ್ನಡ ಇಲ್ಲ. ಆದರೆ ಬಳಸೋರು ತಾವೇ ಚಿತ್ರ ಬರೆದುಕೊಳ್ಳಲಿ ಅಂತ 21 ಚೌಕಗಳನ್ನು ಬಿಟ್ಟಿದ್ದಾರೆ. ಒಂದೊಂದರಲ್ಲೂ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಅಂದರೆ ಚೌಕಕ್ಕೆ 8 ಬೈಟು, 21ಕ್ಕೆ 168 ಬೈಟು. ಅದರಲ್ಲಿ ಏನೂ ಬರೆಯದಿದ್ದರೆ ಅಲ್ಲಿ ಇಂಗ್ಲಿಷಿನ ಮೊದಲ 21 ದೊಡ್ಡ ಅಕ್ಷರಗಳೇ ಕಾಣ್ತವೆ! ನಾನು ನೋಡಿದ್ದು ಅದನ್ನೇ. ಕಳೆದುಹೋದ ಎರಡನೇ ತುಂಡಿನಲ್ಲಿದ್ದದ್ದು ಮಾವ ಬರೆದ ಕನ್ನಡ.

21 ಚೌಕದಲ್ಲಿ ಕನ್ನಡ ಎಲ್ಲಿ ಹಿಡಿಯುತ್ತೆ? ಮಾವ ಒಂದು ಉಪಾಯ ಮಾಡಿದ್ದರು. ಆ ಚೌಕಗಳು ನೆನಪಿನಲ್ಲಿ ಎಲ್ಲಿವೆ ಅನ್ನೋ ವಿಳಾಸ 23675ನೇ ಮನೆಯಲ್ಲಿ ಬರೆದಿರುತ್ತೆ. ಆ ವಿಳಾಸವನ್ನ ಬದಲಾಯಿಸುತ್ತಾ ಹೋದರೆ ಒಂದರ ಬದಲು ನಾಲ್ಕು ಗುಂಪು ಬಳಸಬಹುದು, 84 ಚೌಕ. ಒಂದು ಅಕ್ಷರಕ್ಕೆ ನಾಲ್ಕು ಚೌಕ, ಆದರೆ ತಲೆಕಟ್ಟಿನ ಚೌಕ ಒಂದೇ, ಎಲ್ಲಾ ಅಕ್ಷರಗಳಿಗೂ ಅದನ್ನೇ ಹಂಚಿದ್ದರು. ಮಗ್ಗಿಗೆ ಬೇಕಾದ ಪದಗಳಿಗೆ ಬೇಕಾದಷ್ಟೇ ಅಕ್ಷರ. ಉಳಿದಿದ್ದ ಆ "ತಲೆ"ಯೂ ಇದನ್ನೇ ಹೇಳ್ತಿತ್ತು: ಉದ್ದ 672 ಬೈಟು, ಶುರು 64864ರಿಂದ. ನಾಲ್ಕು ಸಲ 168 ಅಂದರೆ 672. ಲೆಕ್ಕ ತಾಳೆಯಾಯ್ತು.

ಇದನ್ನೆಲ್ಲಾ ನಾನು ಪತ್ತೆ ಹಚ್ಚೋಕೆ ಆಗಿದ್ದು ನನ್ನ ಬುದ್ಧಿಯಿಂದಲ್ಲ. ಈ ಯಂತ್ರದ ಒಳಗುಟ್ಟನ್ನೆಲ್ಲಾ ಯಾರೋ ಬರೆದಿಟ್ಟಿದ್ದಾರೆ. 1983ರಲ್ಲೇ ಇಯಾನ್ ಲೋಗನ್, ಫ್ರಾಂಕ್ ಒಹಾರಾ ಅನ್ನೋ ಇಬ್ಬರು ಸ್ಪೆಕ್ಟ್ರಮ್‌ನ 16 ಕೆಬಿ ರಾಮ್ ಅಲ್ಲ, ರೋಮ್, ಅಂದರೆ ಅಳಿಸಲಾಗದ ನೆನಪಿನಲ್ಲಿರೋ ಒಂದೊಂದು ಆಜ್ಞೆಗೂ ವಿವರಣೆ ಬರೆದು ಪುಸ್ತಕ ಮಾಡಿದರು. ಅಲೆಯ ಉದ್ದ ಎಷ್ಟು, ತಲೆಯಲ್ಲಿ ಎಷ್ಟು ಬೈಟು, ಎಲ್ಲಾ ಅದರಲ್ಲಿದೆ. ಅದು ಮೂಟೆಯ ಚೀಟಿ.

ಆದರೆ ಮಾವನ ಕನ್ನಡಕ್ಕೆ ಚೀಟಿ ಎಲ್ಲಿ?

"ಅತ್ತೆ, ಮಾವ ಏನಾದ್ರೂ ಬರೆದಿಟ್ಟಿದ್ರಾ, ಚೌಕ ಚೌಕದ ಹಾಳೆ?" ಅಂತ ಕೇಳಿದೆ. ಅತ್ತೆ ಸ್ವಲ್ಪ ಯೋಚನೆ ಮಾಡಿ ಒಳಗೆ ಹೋದರು. ಹಳೇ ರೇಷನ್ ಕಾರ್ಡು, ಎಲ್ಐಸಿ ಕಾಗದ ಇಡೋ ಚೀಲದಿಂದ ಒಂದು ಗ್ರಾಫ್ ಪುಸ್ತಕ ತಂದರು. "ಕಸೂತಿ ಹಾಕೋ ನಮೂನೆ ಅಂತ ಎತ್ತಿಟ್ಟಿದ್ದೆ ಕಣಪ್ಪ" ಅಂದರು. ತೆರೆದರೆ ಪೆನ್ಸಿಲಿನಲ್ಲಿ ತುಂಬಿದ 84 ಚೌಕ! ಒಂದೊಂದರ ಪಕ್ಕ ಎಂಟೆಂಟು ಸಂಖ್ಯೆ, ಕೆಳಗೆ ಗುಂಪಿನ ನಂಬರು. ಮೇಷ್ಟ್ರಲ್ಲವೇ, ಲೆಕ್ಕ ಬಿಡಿಸಿದ ಮೇಲೆ ಮೆಟ್ಟಿಲು ಬರೆಯದೆ ಇರ್ತಾರಾ.

ಎರಡು ಸಂಜೆ ಕೂತು 672 ಸಂಖ್ಯೆ ಟೈಪ್ ಮಾಡಿದೆ. ಅತ್ತೆ ಓದಿದರು, ನಾನು ಒತ್ತಿದೆ. ಎರಡು ಕಡೆ ತಪ್ಪಾಗಿ "ಗ"ಗೆ ಬಾಲ ಬಂದಿತ್ತು, ತಿದ್ದಿದೆವು. ಆಮೇಲೆ ಎಲ್ಲಾ ಸೇರಿಸಿ ಮತ್ತೆ ವೇವ್ ಕಡತ ಮಾಡಿ, ಸೌಂಡ್ ಕಾರ್ಡಿನ ಹೆಡ್‌ಫೋನ್ ಕಿಂಡಿಯಿಂದ ಸ್ಪೆಕ್ಟ್ರಮ್‌ನ "ಇಯರ್" ಕಿಂಡಿಗೆ ಕೇಬಲ್ ಹಾಕಿದೆ. ದನಿ ಪೂರ್ತಿ ಏರಿಸಿದೆ. ಹಳೇ ಯಂತ್ರಕ್ಕೆ ಸ್ವಲ್ಪ ಕಿವಿ ಮಂದ, ಮೆಲ್ಲಗೆ ಹೇಳಿದರೆ ಕೇಳಿಸಲ್ಲ :-) ಲ್ಯಾಪ್‌ಟಾಪು ಅದಕ್ಕೆ ಟೇಪ್ ರೆಕಾರ್ಡರೂ ಆಯ್ತು, ಟಿವಿಯೂ ಆಯ್ತು. ಕೆಂಪು ಪಟ್ಟೆ, ನೀಲಿ ಪಟ್ಟೆ ಓಡಿದವು. ಪರದೆ ಮೇಲೆ ದಪ್ಪ ದಪ್ಪ ಚುಕ್ಕಿಗಳಲ್ಲಿ "ಮಗ್ಗಿ ಕಲಿಯೋಣ" ಅಂತ ಬಂತು.

ಅತ್ತೆಯನ್ನೇ ಕೂರಿಸಿದೆ. ಏಳು ಎಂಟಲ ಎಷ್ಟು ಅಂತ ಕೇಳಿತು. ಅವರು ಬೇಕಂತಲೋ ಗಾಬರಿಗೋ 54 ಅಂತ ಒತ್ತಿದರು. ಪರದೆ ಹೇಳಿತು: "ಪರವಾಗಿಲ್ಲ, ಇನ್ನೊಮ್ಮೆ ನೋಡು."

ತಪ್ಪು ಅಂತ ಹೇಳಲಿಲ್ಲ. ಮಾವ ಯಾವ ಮಗುವಿಗೂ ತಪ್ಪು ಅಂತ ಹೇಳ್ತಿರಲಿಲ್ಲ. ಸ್ಲೇಟನ್ನ ವಾಪಸ್ಸು ಕೊಟ್ಟು ಇದೇ ಮಾತು ಹೇಳ್ತಿದ್ದರು. ನನಗೂ ಎಷ್ಟು ಸಲ ಹೇಳಿದ್ದಾರೋ. ಅತ್ತೆ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತಪ್ಪು ಉತ್ತರ ಒತ್ತಿದರು.

ಇಷ್ಟೆಲ್ಲಾ ಯಾಕೆ ಬರೆದೆ ಅಂದರೆ, ನಾವು ಕನ್ನಡದಲ್ಲಿ ಟೈಪ್ ಮಾಡೋರೆಲ್ಲಾ ಇಂಥದ್ದೇ ಟ್ರಂಕು ಇಟ್ಟುಕೊಂಡಿದ್ದೇವೆ. 1998ರಲ್ಲಿ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಅವುಗಳ ಹಳೇ ಫಾಂಟುಗಳು ಮಾಡಿದ್ದೂ ಮಾವನ ಉಪಾಯವನ್ನೇ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನ ಕೂರಿಸೋದು, ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅದೇ ಅರ್ಥವಿಲ್ಲದ ಇಂಗ್ಲಿಷ್ ಗೋಜಲು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ತನ್ನದೇ ಜಾಗ ಸಿಕ್ಕಿತ್ತು, 128 ಮನೆ. ಅಲ್ಲಿ ಅಕ್ಷರದ ಆಕಾರಕ್ಕಲ್ಲ, ಅಕ್ಷರಕ್ಕೇ ಸಂಖ್ಯೆ. ನಾವು ಅದಕ್ಕೆ ಬಂದು ಸೇರೋದು ತಡವಾಯ್ತು ಅಷ್ಟೇ. ಹಳೇ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ತಿರುಗಿಸೋ ಸಲಕರಣೆಗಳು ಇವತ್ತು ಕೆಲಸ ಮಾಡ್ತಿವೆ ಅಂದರೆ, ಯಾವ ಮನೆಯಲ್ಲಿ ಯಾವ ತುಂಡು ಇತ್ತು ಅಂತ ಯಾರೋ ಕೂತು ಪಟ್ಟಿ ಮಾಡಿದ್ದರಿಂದ. ಅವೂ ಗ್ರಾಫ್ ಪುಸ್ತಕಗಳೇ.

ಕೇಬಲ್ಲು ಸಿಗುತ್ತೆ. ಇವತ್ತಲ್ಲ ನಾಳೆ ಯಾರಾದರೂ ಮಾಡಿ ಮಾರ್ತಾರೆ. ಗ್ರಾಫ್ ಪುಸ್ತಕ ಮಾತ್ರ ಬರೆದವರ ಮನೆಯಲ್ಲೇ ಇರಬೇಕು. ನಿಮ್ಮ ಹಳೇ ಸಿಡಿಗಳಲ್ಲಿ ಯಾವ ಫಾಂಟಿನಲ್ಲಿ ಏನು ಬರೆದಿದ್ದೀರಿ ಅಂತ ಒಂದು ಹಾಳೆಯಲ್ಲಿ ಬರೆದು ಅದರ ಜೊತೆ ಇಡಿ. ಆಗಲೇ ತಿರುಗಿಸಿಬಿಟ್ಟರೆ ಇನ್ನೂ ಒಳ್ಳೇದು.

ಅಂದ ಹಾಗೆ ಕಂಪ್ಯೂಟರು ಈಗ ಅಟ್ಟದಲ್ಲಿಲ್ಲ, ಅತ್ತೆಯ ಟಿವಿ ಪಕ್ಕ ಇದೆ. ಗ್ರಾಫ್ ಪುಸ್ತಕ ಮತ್ತೆ ರೇಷನ್ ಕಾರ್ಡಿನ ಚೀಲಕ್ಕೆ ಹೋಗಿದೆ. ಅದನ್ನ ನನಗೆ ಕೊಡಿ ಅಂದೆ, ಕೊಡಲಿಲ್ಲ. ಫೋಟೋ ತಕ್ಕೋ ಅಂದರು. ತಕ್ಕೊಂಡೆ.

ನಿಮ್ಮ ಮನೆ ಅಟ್ಟದಲ್ಲೂ ಇಂಥದ್ದೇನಾದ್ರೂ ಇದೆಯಾ? ಗುಜರಿಯವನು ಬರೋ ಮುಂಚೆ ಒಮ್ಮೆ ಇಳಿಸಿ ನೋಡಿ. ಸಿಕ್ಕಿದ್ದು ನನಗೂ ಬರೆದು ತಿಳಿಸಿ.